ಮುಂಬೈಯಲ್ಲಿ ಕ್ರೈಂ, ಸಸ್ಪೆನ್ಸ್ ಸಿನಿಮಾ: ಸಿಂಗಲ್ ಸ್ಕ್ರೀನ್, ಫಿಲ್ಮ್ ಸೊಸೈಟಿಗಳಲ್ಲಿ ನೋಡೋದು ಹೇಗೆ?

ಪ್ರಶ್ನೆ ಒಂದೇ, ಕೇಳುವವರು ಬೇರೆ ಬೇರೆ. ಡೊಂಬಿವಲಿಯಿಂದ ಒಬ್ಬರು, ಮೀರಾ ರೋಡಿನಿಂದ ಇನ್ನೊಬ್ಬರು, ಮಾಟುಂಗದಲ್ಲಿ ಯಾವುದೋ ಕಾರ್ಯಕ್ರಮ ಮುಗಿಸಿ ಕಾಫಿ ಕುಡಿಯುವಾಗ ಮತ್ತೊಬ್ಬರು. ಹಳೆಯ ಕ್ರೈಂ ಸಿನಿಮಾ, ಸಸ್ಪೆನ್ಸ್ ಸಿನಿಮಾಗಳನ್ನು ದೊಡ್ಡ ಪರದೆ ಮೇಲೆ ತೋರಿಸ್ತಾರಂತಲ್ಲ, ಎಲ್ಲಿ? ಟಿಕೆಟ್ ಹೇಗೆ? ಸಬ್‌ಟೈಟಲ್ ಓದ್ತಾ ಸಿನಿಮಾ ನೋಡೋಕೆ ಆಗುತ್ತಾ? ಮಕ್ಕಳನ್ನು ಕರ್ಕೊಂಡು ಹೋಗಬಹುದಾ? ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆ ಸಿನಿಮಾಗಳಿಗೆ ಹತ್ತು ನಿಮಿಷ ತಡವಾಗಿ ಹೋದರೂ, ಅರ್ಧ ಕಥೆ ಯಾರೋ ಹೇಳಿಬಿಟ್ಟಿದ್ದರೂ ದೊಡ್ಡ ನಷ್ಟವಿಲ್ಲ. ಸಸ್ಪೆನ್ಸ್ ಸಿನಿಮಾ ಹಾಗಲ್ಲ. ಸರಿಯಾದ ಕತ್ತಲೆ ಬೇಕು, ಕಥೆ ಗೊತ್ತಿರಬಾರದು, ಮೊದಲ ಶಾಟ್ ಬರುವಾಗ ನೀವು ಸೀಟಿನಲ್ಲಿ ಇರಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಇದಕ್ಕೇ.

ಕೈಯಲ್ಲಿ ಇರಬೇಕಾದ್ದು ಜಾಸ್ತಿ ಏನಿಲ್ಲ. ಹುಟ್ಟಿದ ದಿನಾಂಕ ಇರುವ ಒಂದು ಗುರುತಿನ ಚೀಟಿ, ಚಾರ್ಜ್ ಇರುವ ಫೋನು, ಎಸಿ ಚಳಿ ತಡೆಯದವರಿಗೆ ತೆಳ್ಳಗಿನ ಶಾಲು. ಮತ್ತೆ ಕನ್ನಡಕ. ನಗಬೇಡಿ, ಓದುವುದಕ್ಕಲ್ಲ ಅಂತ ದೂರದ ಕನ್ನಡಕ ಮನೆಯಲ್ಲಿ ಬಿಟ್ಟು ಬಂದು ಎರಡು ಗಂಟೆ ಕಣ್ಣು ಕಿರಿದು ಮಾಡಿಕೊಂಡು ಸಬ್‌ಟೈಟಲ್ ಓದುವವರು ಪ್ರತಿ ಶೋನಲ್ಲೂ ಸಿಗುತ್ತಾರೆ.

1. ಎಲ್ಲಿ ತೋರಿಸುತ್ತಾರೆ ಅಂತ ತಿಳಿದುಕೊಳ್ಳಿ

ಸ್ವತಂತ್ರ ಥಿಯೇಟರ್ ಅಂದರೆ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳ ಕೈಯಲ್ಲಿ ಇಲ್ಲದ್ದು. ಯಾವ ಸಿನಿಮಾ ಹಾಕಬೇಕು ಅನ್ನೋದನ್ನು ಮಾಲೀಕರೇ ತೀರ್ಮಾನ ಮಾಡುತ್ತಾರೆ, ಬೇಕಾದರೆ ಹಾಲ್ ಅನ್ನು ಒಂದು ದಿನಕ್ಕೆ ಫಿಲ್ಮ್ ಕ್ಲಬ್ಬಿಗೆ ಬಾಡಿಗೆಗೂ ಕೊಡುತ್ತಾರೆ. ಮುಂಬೈಯಲ್ಲಿ ಇದಕ್ಕೆ ಮೊದಲು ನೆನಪಾಗುವುದು ಕೊಲಾಬಾದ ರೀಗಲ್. 1933ರಲ್ಲಿ ಶುರುವಾದ, ಆರ್ಟ್ ಡೆಕೊ ಅನ್ನುವ ಆ ಕಾಲದ ಶೈಲಿಯ ಕಟ್ಟಡ. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬೈ ಕಟ್ಟಡಗಳ ಗುಂಪಿನಲ್ಲಿ ಇದೂ ಇದೆ. ದಿನದ ಶೋಗಳಲ್ಲಿ ಹೊಸ ಸಿನಿಮಾ ಓಡುತ್ತೆ, ನಡುನಡುವೆ ಹಳೆಯ ಸಿನಿಮಾಗಳ ವಿಶೇಷ ಪ್ರದರ್ಶನಗಳೂ ಇರುತ್ತವೆ. ಚರ್ಚ್‌ಗೇಟ್ ಎದುರಿನ ಇರೋಸ್ (1938) ಕೂಡ ಹಳೆಯದೇ, ಆದರೆ 2024ರಲ್ಲಿ ಅದು ಮಲ್ಟಿಪ್ಲೆಕ್ಸ್ ಕಂಪನಿಯ ಐಮ್ಯಾಕ್ಸ್ ಆಗಿ ಮತ್ತೆ ತೆರೆಯಿತು. ಹಾಗಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಬಾಂದ್ರಾದ ಗೇಟಿ–ಗ್ಯಾಲಕ್ಸಿಯೂ ಯಾವ ಸರಪಳಿಗೂ ಸೇರಿದ್ದಲ್ಲ. ಅಲ್ಲಿ ಶಿಳ್ಳೆ, ಚಪ್ಪಾಳೆ, ಕೂಗು ಎಲ್ಲ ಜೋರು. ಹೊಸ ಆ್ಯಕ್ಷನ್ ಸಿನಿಮಾಗೆ ಅದಕ್ಕಿಂತ ಒಳ್ಳೆ ಜಾಗ ಈ ಊರಲ್ಲಿ ಇಲ್ಲ. ಉಸಿರು ಬಿಗಿಹಿಡಿದು ನೋಡುವ ಸಿನಿಮಾಗೆ ಮಾತ್ರ ನಾನು ಅಲ್ಲಿಗೆ ಹೋಗಿ ಅನ್ನೋದಿಲ್ಲ.

ಆಮೇಲೆ ಫಿಲ್ಮ್ ಸೊಸೈಟಿಗಳು. ಅಂದರೆ ಚಂದಾ ಕೊಟ್ಟು ಸದಸ್ಯರಾಗಿ, ಸದಸ್ಯರಷ್ಟೇ ಸೇರಿ ಸಿನಿಮಾ ನೋಡುವ ಸಂಘಗಳು. ಮುಂಬೈಯಲ್ಲಿ ಪ್ರಭಾತ್ ಚಿತ್ರ ಮಂಡಲ 1968ರಿಂದ ಈ ಕೆಲಸ ಮಾಡುತ್ತಿದೆ. ಮೂರನೆಯದು ವಿದೇಶಿ ಸಾಂಸ್ಕೃತಿಕ ಕೇಂದ್ರಗಳು. ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಸಿನಿಮಾ, ನ್ಯೂ ಮರೀನ್ ಲೈನ್ಸಿನ ಅಲಿಯಾನ್ಸ್ ಫ್ರಾಂಸೇಸಿನಲ್ಲಿ ಫ್ರೆಂಚ್ ಸಿನಿಮಾ. ಕ್ರೈಂ ಸಿನಿಮಾ ಇಷ್ಟಪಡುವವರು ಈ ಎರಡು ಭಾಷೆಗಳನ್ನು ಬಿಡುವ ಹಾಗೇ ಇಲ್ಲ. ಹಳೆಯ ಸಿನಿಮಾಗಳನ್ನು ದುರಸ್ತಿ ಮಾಡಿ ತೋರಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ. ನಮ್ಮ 'ಘಟಶ್ರಾದ್ಧ'ದ ದುರಸ್ತಿಯಾದ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಕಳಿಸಿದವರು ಇವರೇ.

ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ: ಇವರ ಕಾರ್ಯಕ್ರಮಗಳು ಒಂದೇ ಆ್ಯಪಿನಲ್ಲಿ ಸಿಗುವುದಿಲ್ಲ. ಬುಕ್‌ಮೈಶೋ ತೆರೆದು 'ಕ್ರೈಂ' ಅಂತ ಹುಡುಕಿ, ಏನೂ ಇಲ್ಲ ಅಂತ ಬಿಟ್ಟುಬಿಡಬೇಡಿ. ಅಲ್ಲಿ ಬರೋದು ಥಿಯೇಟರ್ ಶೋಗಳು, ಟಿಕೆಟ್ ಇರುವ ಕಾರ್ಯಕ್ರಮಗಳು ಅಷ್ಟೇ. ಸೊಸೈಟಿಗಳದ್ದು ಇಮೇಲ್, ವಾಟ್ಸಾಪ್ ಗುಂಪು, ಇನ್‌ಸ್ಟಾಗ್ರಾಮ್‌ನಲ್ಲಿ ಬರುತ್ತೆ. ಅವರ ಪಟ್ಟಿಗೆ ಒಂದು ಸಲ ನಿಮ್ಮ ಹೆಸರು ಸೇರಿಸಿ, ಆಮೇಲೆ ತಾನಾಗಿ ಸುದ್ದಿ ಬರುತ್ತಿರುತ್ತೆ.

ಕೆಫೆಯಲ್ಲಿ, ಯಾರದೋ ಸ್ಟುಡಿಯೋದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ ನೋಡುವ ಶೋಗಳೂ ಅಂಧೇರಿ, ಬಾಂದ್ರಾ ಕಡೆ ಇವೆ. ಹರಟೆಗೆ ಚೆನ್ನ. ಕತ್ತಲೆ ಸಿಗಲ್ಲ, ಪಕ್ಕದಲ್ಲಿ ಕಾಫಿ ಮೆಷೀನ್ ಗುರ್ ಅನ್ನುತ್ತಿರುತ್ತೆ.

2. ಕಾರ್ಯಕ್ರಮದ ಪಟ್ಟಿಯನ್ನು ಸರಿಯಾಗಿ ಓದಿ

ಸಿನಿಮಾದ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರುತ್ತೆ: ವರ್ಷ, ದೇಶ, ಭಾಷೆ, ನಿಮಿಷ, ಪ್ರತಿ, ಪ್ರಮಾಣಪತ್ರ. ಪೋಸ್ಟರ್ ಬಿಟ್ಟು ಈ ಸಾಲು ಓದಿ.

ವರ್ಷ ಮೊದಲು. ಕ್ರೈಂ ಸಿನಿಮಾಗಳನ್ನು ಮತ್ತೆ ಮತ್ತೆ ಮಾಡುತ್ತಾರೆ, ಅದೂ ಅದೇ ಹೆಸರಲ್ಲಿ. 'ಸೈಕೋ' 1960ರಲ್ಲೂ ಇದೆ, 1998ರಲ್ಲೂ ಇದೆ. 'ಇತ್ತೆಫಾಕ್' 1969ರಲ್ಲೂ ಇದೆ, 2017ರಲ್ಲೂ ಇದೆ. ಹಳೆಯದು ಅಂದುಕೊಂಡು ಹೊಸದರ ಟಿಕೆಟ್ ತೆಗೆದು ಕೂತರೆ ಯಾರೂ ದುಡ್ಡು ವಾಪಸ್ ಕೊಡಲ್ಲ.

ನಿಮಿಷ ಎರಡನೆಯದು. ಹಳೆಯ ಅಮೆರಿಕನ್ ಕ್ರೈಂ ಸಿನಿಮಾ ಎಷ್ಟೋ ಸಲ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತೆ. ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಅವರ 'ಹೈ ಅಂಡ್ ಲೋ' (1963) ಆದರೆ 143 ನಿಮಿಷ, ಅದರ ಮೊದಲ ಭಾಗ ಹೆಚ್ಚು ಕಡಿಮೆ ಒಂದೇ ಕೋಣೆಯಲ್ಲಿ ನಡೆಯುತ್ತೆ. ಆಫೀಸು ಮುಗಿಸಿ ಸುಸ್ತಾಗಿ ಹೋಗುವ ದಿನಕ್ಕೆ ಅದು ಬೇಡ, ಭಾನುವಾರಕ್ಕೆ ಇಟ್ಟುಕೊಳ್ಳಿ. ಮೊದಲ ಒಂದು ಗಂಟೆ ತಾಳ್ಮೆ ಇದ್ದರೆ ಆಮೇಲೆ ನಿಮ್ಮನ್ನು ಸೀಟಿನಿಂದ ಏಳಿಸೋಕೆ ಯಾರಿಗೂ ಆಗಲ್ಲ.

ಪ್ರತಿ ಅಂದರೆ ಯಾವ ರೂಪದಲ್ಲಿ ತೋರಿಸುತ್ತಾರೆ ಅನ್ನೋದು. 'ಡಿಸಿಪಿ' ಅಂತ ಇದ್ದರೆ ಥಿಯೇಟರಿಗೆಂದೇ ತಯಾರಿಸಿದ ಡಿಜಿಟಲ್ ಫೈಲುಗಳ ಕಟ್ಟು. ಇದೇ ಒಳ್ಳೆಯದು. 'ರಿಸ್ಟೋರ್ಡ್' ಅಂದರೆ ಹಳೆಯ ನೆಗೆಟಿವ್ ಅಥವಾ ಪ್ರಿಂಟಿನ ಗೀರು, ಕಲೆ, ಅಲುಗಾಟ ತೆಗೆದು ದುರಸ್ತಿ ಮಾಡಿದ್ದು. ಬ್ಲೂರೇ, ಲ್ಯಾಪ್‌ಟಾಪಿನ ಫೈಲು ಅಂತ ಗೊತ್ತಾದರೆ ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಕಪ್ಪು ಬಣ್ಣ ಕಪ್ಪಾಗಿ ಕಾಣಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತೆ. ಕೌಟುಂಬಿಕ ಸಿನಿಮಾಗೆ ಇದು ನಡೆಯುತ್ತೆ. ನೆರಳಿನಲ್ಲಿ ನಿಂತವನು ಯಾರು ಅನ್ನುವುದೇ ಕಥೆಯಾಗಿರುವಾಗ ನೆರಳೇ ಇಲ್ಲದಿದ್ದರೆ ಏನು ನೋಡೋದು?

ಡಿಸಿಪಿ ಜೊತೆ ಇನ್ನೊಂದು ವಿಷಯ ಇದೆ, ತಿಳಿದಿದ್ದರೆ ಶೋ ತಡವಾದಾಗ ಗಲಾಟೆ ಮಾಡುವ ಮನಸ್ಸು ಬರಲ್ಲ. ಎಷ್ಟೋ ಡಿಸಿಪಿಗಳಿಗೆ ಬೀಗ ಹಾಕಿರುತ್ತಾರೆ. ಅದನ್ನು ತೆರೆಯಲು ಕೆಡಿಎಂ ಅನ್ನುವ ಡಿಜಿಟಲ್ ಕೀಲಿ ಬರುತ್ತೆ, ಆ ಕೀಲಿ ಇಂಥ ಹಾಲಿನ ಇಂಥ ಯಂತ್ರಕ್ಕೆ, ಇಂಥ ದಿನದ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಮಾತ್ರ. ಕೀಲಿ ಬರೋದು ತಡವಾದರೆ ಆಪರೇಟರ್ ಕೈಯಲ್ಲಿ ಸಿನಿಮಾ ಇದ್ದೂ ಓಡಿಸಲು ಆಗುವುದಿಲ್ಲ.

ಕೊನೆಗೆ ಪ್ರಮಾಣಪತ್ರ. ಸೆನ್ಸಾರ್ ಮಂಡಳಿ ಕೊಡುವ 'ಯು' ಎಲ್ಲರಿಗೂ. 2024ರ ನಿಯಮಗಳ ಪ್ರಕಾರ 'ಯುಎ'ಯಲ್ಲಿ 7+, 13+, 16+ ಅಂತ ಮೂರು ಬಗೆ. ಆ ವಯಸ್ಸಿಗಿಂತ ಚಿಕ್ಕ ಮಕ್ಕಳಿದ್ದರೆ ತೋರಿಸಬೇಕೋ ಬೇಡವೋ ಅನ್ನೋದು ಅಪ್ಪ ಅಮ್ಮನ ತೀರ್ಮಾನ. 'ಎ' ಆದರೆ 18 ತುಂಬದವರಿಗೆ ಪ್ರವೇಶವೇ ಇಲ್ಲ, ಜೊತೆಗೆ ಅಪ್ಪ ಅಮ್ಮ ಇದ್ದರೂ ಇಲ್ಲ. ಕ್ರೈಂ ಸಿನಿಮಾಗಳಲ್ಲಿ 'ಎ' ಜಾಸ್ತಿ. ಹದಿನೇಳರ ಮಗನನ್ನು ಕರ್ಕೊಂಡು ಹೋಗಿ ಬಾಗಿಲಲ್ಲಿ ವಾದ ಮಾಡೋದರಿಂದ ಪ್ರಯೋಜನವಿಲ್ಲ. ಚಿತ್ರೋತ್ಸವಗಳಲ್ಲಿ, ಸೊಸೈಟಿಗಳಲ್ಲಿ ಸೆನ್ಸಾರ್ ಆಗದ ವಿದೇಶಿ ಸಿನಿಮಾಗಳನ್ನು ಸರ್ಕಾರದ ವಿನಾಯಿತಿ ಪಡೆದು ತೋರಿಸುತ್ತಾರೆ. ಅದಕ್ಕೇ ಅಲ್ಲಿ ಪ್ರತಿನಿಧಿಗಳಿಗೆ, ಸದಸ್ಯರಿಗೆ ಮಾತ್ರ ಅನ್ನುವ ಕಟ್ಟುನಿಟ್ಟು.

3. ನಿಮಗೆ ಯಾವ ಬಗೆ ಹಿಡಿಸುತ್ತೆ ನೋಡಿಕೊಳ್ಳಿ

ಪಟ್ಟಿಯಲ್ಲಿ ಬರುವ ಪದಗಳು ಕೆಲವರಿಗೆ ತಲೆನೋವು. ಸುಲಭವಾಗಿ ಹೇಳುತ್ತೇನೆ. 'ಹೂಡನಿಟ್' ಅಂದರೆ ಕೊಲೆ ಮಾಡಿದ್ದು ಯಾರು ಅಂತ ಕೊನೆಯವರೆಗೂ ಹುಡುಕುವುದು. 'ಹೈಸ್ಟ್' ಅಂದರೆ ದರೋಡೆಯ ತಯಾರಿ, ದರೋಡೆ, ಆಮೇಲಿನ ಪಾಡು. 'ಪ್ರೊಸೀಜರಲ್' ಅಂದರೆ ಪೊಲೀಸರು ಒಂದೊಂದೇ ಎಳೆ ಹಿಡಿದು ತನಿಖೆ ಮಾಡುವ ಕ್ರಮವೇ ಕಥೆ. ಸಸ್ಪೆನ್ಸ್‌ನಲ್ಲಿ ಎಷ್ಟೋ ಸಲ ಅಪರಾಧಿ ಯಾರು ಅಂತ ಪ್ರೇಕ್ಷಕರಿಗೆ ಗೊತ್ತಿರುತ್ತೆ, ಪಾತ್ರಗಳಿಗೆ ಗೊತ್ತಿರಲ್ಲ. ಬಾಗಿಲ ಹಿಂದೆ ಒಬ್ಬ ನಿಂತಿದ್ದಾನೆ ಅಂತ ನಮಗೆ ತೋರಿಸಿ, ಅವಳು ಹಾಡು ಗುನುಗುತ್ತಾ ಅದೇ ಬಾಗಿಲ ಕಡೆ ನಡೆಯುವುದನ್ನು ನಿಧಾನವಾಗಿ ತೋರಿಸುವುದು. ಸುನಿಲ್ ಕುಮಾರ್ ದೇಸಾಯಿ ಅವರ 'ತರ್ಕ' (1989), ಬ್ಯಾಂಕಿನೊಳಗೆ ಜನ ಒತ್ತೆಯಾಳಾಗುವ 'ನಿಷ್ಕರ್ಷ' (1993) ನೋಡಿದವರಿಗೆ ಇದೆಲ್ಲ ಹೊಸದೇನಲ್ಲ.

'ನುವಾರ್' ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1940ರ ದಶಕದ ಅಮೆರಿಕದ ಕ್ರೈಂ ಸಿನಿಮಾಗಳಿಗೆ ಫ್ರೆಂಚ್ ವಿಮರ್ಶಕರು 1946ರಲ್ಲಿ ಕೊಟ್ಟ ಹೆಸರು ಇದು. ಕಪ್ಪು ಸಿನಿಮಾ ಅಂತ. ಕಿಟಕಿಯ ಪಟ್ಟಿಗಳ ನೆರಳು ಮುಖದ ಮೇಲೆ, ಒದ್ದೆ ರಸ್ತೆ, ಸಿಗರೇಟಿನ ಹೊಗೆ, ತಪ್ಪು ಮಾಡುತ್ತಿದ್ದೇನೆ ಅಂತ ಗೊತ್ತಿದ್ದೂ ಮಾಡುವ ನಾಯಕ. ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್ ಥರ ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಹಾಲಿವುಡ್ ಸೇರಿದ ನಿರ್ದೇಶಕರು ಈ ನೆರಳುಗಳನ್ನು ಜೊತೆಗೆ ತಂದರು.

ಅದು ಬೊಂಬಾಯಿಗೂ ಬಂತು. ಬಂದಾಗ ಅದಕ್ಕೆ ಬೆಳಕು ಹಿಡಿದವರಲ್ಲಿ ನಮ್ಮವರೊಬ್ಬರಿದ್ದರು. ಛಾಯಾಗ್ರಾಹಕ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಇಲ್ಲಿಗೆ ಬಂದವರು. ಗುರುದತ್ ಜೊತೆ ಮಾಡಿದ 'ಆರ್ ಪಾರ್' (1954), ಗುರುದತ್ ನಿರ್ಮಾಣದ, ರಾಜ್ ಖೋಸ್ಲಾ ನಿರ್ದೇಶನದ 'ಸಿ.ಐ.ಡಿ.' (1956) ಎರಡೂ ಕ್ರೈಂ ಸಿನಿಮಾಗಳೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಎಲ್ಲರೂ ಮೂರ್ತಿ ಅಂದರೆ ಗುರುದತ್ ಅವರ 'ಕಾಗಜ್ ಕೆ ಫೂಲ್'ನಲ್ಲಿ ಕತ್ತಲೆ ಸ್ಟುಡಿಯೋದೊಳಗೆ ಬೀಳುವ ಬೆಳಕಿನ ಕೋಲನ್ನೇ ನೆನೆಯುತ್ತಾರೆ. ನನಗೆ ಕೇಳಿದರೆ ಅವರ ಕ್ರೈಂ ಸಿನಿಮಾಗಳನ್ನು ಮೊದಲು ನೋಡಿ ಅನ್ನುತ್ತೇನೆ. ಮುಖದ ಅರ್ಧ ಭಾಗ ಕತ್ತಲಲ್ಲಿದ್ದರೂ ಆ ಕತ್ತಲೊಳಗೆ ಕಣ್ಣಿನ ಒಂದು ಚುಕ್ಕೆ ಹೊಳೆಯುತ್ತಿರುತ್ತೆ. ಯೂಟ್ಯೂಬಿನ ಪ್ರತಿಯಲ್ಲಿ ಆ ಚುಕ್ಕೆ ಇರಲ್ಲ. ಇವುಗಳಲ್ಲಿ ಯಾವುದಾದರೂ ನಿಮ್ಮ ಊರಿನ ಪರದೆಗೆ ಬಂದರೆ ಬೇರೆ ಕೆಲಸ ಮುಂದೂಡಿ ಹೋಗಿ.

ಸಬ್‌ಟೈಟಲ್ ಓದೋದು ಕಷ್ಟ ಅನ್ನುವವರಿಗೆ ಒಂದು ದಾರಿ ಇದೆ. ಮಾತು ಕಡಿಮೆ ಇರುವ ಸಿನಿಮಾದಿಂದ ಶುರು ಮಾಡಿ. 'ರಿಫೀಫಿ' (1955) ಅನ್ನುವ ಫ್ರೆಂಚ್ ಸಿನಿಮಾದಲ್ಲಿ ಆಭರಣದ ಅಂಗಡಿ ದೋಚುವ ದೃಶ್ಯ ಸುಮಾರು ಅರ್ಧ ಗಂಟೆ ಇದೆ, ಅಷ್ಟೂ ಹೊತ್ತು ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಯಾರಾದರೂ ಚಿಪ್ಸ್ ಪ್ಯಾಕೆಟ್ ತೆರೆದರೆ ಇಡೀ ಹಾಲ್ ತಿರುಗಿ ನೋಡುತ್ತೆ. 'ಲ ಸಾಮುರಾಯ್' (1967) ಶುರುವಾಗಿ ಹತ್ತು ನಿಮಿಷದ ತನಕ ಸಂಭಾಷಣೆ ಬರೋದೇ ಇಲ್ಲ. ಇಂಥವನ್ನು ಇಂಗ್ಲಿಷ್ ಬಾರದ ಅಮ್ಮನ ಜೊತೆಗೂ ನೋಡಬಹುದು, ಪಕ್ಕದಲ್ಲಿ ಕೂತು ನೀವು ಕಿವಿಯಲ್ಲಿ ಅನುವಾದ ಮಾಡುವ ಕೆಲಸ ಕಡಿಮೆ.

4. ಟಿಕೆಟ್, ಸದಸ್ಯತ್ವ

ಥಿಯೇಟರ್ ಶೋ ಆದರೆ ಆ್ಯಪಿನಲ್ಲಿ ತೆಗೆಯಿರಿ, ಇಲ್ಲವೇ ಕೌಂಟರಿಗೆ ಹೋಗಿ. ಕೌಂಟರಿನಲ್ಲಿ ತೆಗೆದರೆ ಆ್ಯಪಿನ ಸೇವಾ ಶುಲ್ಕ ಉಳಿಯುತ್ತೆ.

ಸೊಸೈಟಿ ಆದರೆ ಆ ದಿನ ಬಾಗಿಲಿಗೆ ಹೋಗಿ ಒಂದು ಟಿಕೆಟ್ ಕೊಡಿ ಅಂದರೆ ಸಿಗುವುದಿಲ್ಲ. ಅವು ಸಾರ್ವಜನಿಕ ಪ್ರದರ್ಶನಗಳಲ್ಲ. ಮೊದಲೇ ಫೋಟೋ, ಗುರುತಿನ ಚೀಟಿ ಕೊಟ್ಟು ವರ್ಷದ ಸದಸ್ಯರಾಗಬೇಕು. ಅತಿಥಿಗಳನ್ನು ಕರೆತರಬಹುದಾ ಅಂತ ಮುಂಚೆಯೇ ಕೇಳಿ, ಪ್ರತಿ ಸಂಘದ ನಿಯಮ ಬೇರೆ.

ಉಚಿತ ಪ್ರದರ್ಶನಗಳಲ್ಲಿ ಜನ ಮೋಸ ಹೋಗುವುದು 'ನೋಂದಣಿ' ಅನ್ನುವ ಪದಕ್ಕೆ. ಫಾರ್ಮ್ ತುಂಬಿದೆ, ಇಮೇಲ್ ಬಂತು, ಸೀಟು ಸಿಕ್ಕಿತು ಅಂದುಕೊಳ್ಳುತ್ತಾರೆ. ಹಾಗಲ್ಲ. 'ಮೊದಲು ಬಂದವರಿಗೆ ಮೊದಲು' ಅಂತ ಕೆಳಗೆ ಬರೆದಿದ್ದರೆ ನೋಂದಣಿ ಮಾಡಿಸಿದವರೂ ಸಾಲಿನಲ್ಲೇ ನಿಲ್ಲಬೇಕು. ಹೆಸರಾಂತ ಸಿನಿಮಾ ಆದರೆ ಮುಕ್ಕಾಲು ಗಂಟೆ ಮೊದಲೇ ಅಲ್ಲಿರಿ.

ಎಂಟು ಹತ್ತು ಜನರ ಗುಂಪು ಕಟ್ಟಿಕೊಂಡು ಹೋಗೋದು ನನಗೆ ಅಷ್ಟಾಗಿ ಸರಿ ಕಾಣಲ್ಲ. ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ಅರ್ಧ ಗಂಟೆಗೆಲ್ಲ 'ಅವನೇ ಕಣೋ, ಬರೆದುಕೊಡ್ತೀನಿ' ಅನ್ನುವವರು.

5. ಕಥೆ ತಿಳಿಯದ ಹಾಗೆ ನೋಡಿಕೊಳ್ಳಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಅರವತ್ತು ಎಪ್ಪತ್ತು ವರ್ಷ ಹಳೆಯ ಸಿನಿಮಾ, ಕೊಲೆಗಾರ ಯಾರು ಅಂತ ಜಗತ್ತಿಗೆಲ್ಲ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ. ಹಾಗೇ ಉಳಿಸಿಕೊಳ್ಳಿ.

ವಿಕಿಪೀಡಿಯ ತೆರೆಯಬೇಡಿ. ಅಲ್ಲಿ ಕಥೆಯ ಭಾಗದಲ್ಲಿ ಕೊನೆಯವರೆಗೂ ಬರೆದಿರುತ್ತಾರೆ, ಅದೇ ಅವರ ಪದ್ಧತಿ. ಪಾತ್ರವರ್ಗದ ಪಟ್ಟಿಯೂ ಬೇಡ. ಸಣ್ಣ ಪಾತ್ರಕ್ಕೆ ದೊಡ್ಡ ನಟನ ಹೆಸರಿದ್ದರೆ ಅಲ್ಲೇ ಗುಟ್ಟು ರಟ್ಟು. ಹಳೆಯ ಟ್ರೇಲರುಗಳು ಇನ್ನೂ ಅಪಾಯ, ಆ ಕಾಲದಲ್ಲಿ ಕ್ಲೈಮ್ಯಾಕ್ಸಿನ ಶಾಟನ್ನೇ ಟ್ರೇಲರಿಗೆ ಹಾಕಲು ಹಿಂಜರಿಯುತ್ತಿರಲಿಲ್ಲ. ಒಂದು ಸಲ ಹುಡುಕಿದರೆ ಸಾಕು, ಯೂಟ್ಯೂಬ್ ಮರುದಿನದಿಂದ 'ಕ್ಲೈಮ್ಯಾಕ್ಸ್ ವಿವರಣೆ' ಅಂತ ವಿಡಿಯೋ ತಂದು ಮುಂದಿಡುತ್ತೆ. ಹಾಗಾಗಿ ಹುಡುಕಲೇಬೇಡಿ. ಹೆಸರು, ವರ್ಷ, ನಿರ್ದೇಶಕರು, ಎಷ್ಟು ನಿಮಿಷ. ಇಷ್ಟು ಗೊತ್ತಿದ್ದರೆ ಸಾಕು.

ಸೊಸೈಟಿಗಳಲ್ಲಿ ಬಾಗಿಲಲ್ಲೇ ಒಂದು ಹಾಳೆ ಕೊಡುತ್ತಾರೆ, ಸಿನಿಮಾದ ಬಗ್ಗೆ ಟಿಪ್ಪಣಿ. ಒಳ್ಳೆಯದೇ. ಮಡಚಿ ಜೇಬಿಗೆ ಹಾಕಿ, ವಾಪಸ್ ಬರುವಾಗ ಟ್ರೇನಿನಲ್ಲಿ ಓದಿ. ಸಿನಿಮಾಗೆ ಮುಂಚೆ ಯಾರಾದರೂ ಎದ್ದು ಪರಿಚಯ ಭಾಷಣ ಶುರು ಮಾಡಿದರೆ ಸ್ವಲ್ಪ ಹುಷಾರು. ತಿಳಿದವರು ಎಷ್ಟು ಹೇಳಬೇಕೋ ಅಷ್ಟೇ ಹೇಳುತ್ತಾರೆ. ಎಲ್ಲರೂ ಹಾಗಿರಲ್ಲ. 'ಕೊನೆಯ ದೃಶ್ಯದಲ್ಲಿ ಗಮನಿಸಿ' ಅಂತ ಕಿವಿಗೆ ಬಿದ್ದ ತಕ್ಷಣ ನೀರು ಕುಡಿಯಲು ಹೊರಗೆ ಹೋಗಿಬಿಡಿ, ಯಾರೂ ಏನೂ ಅಂದುಕೊಳ್ಳಲ್ಲ.

6. ಸಮಯಕ್ಕೆ ತಲುಪುವುದು

ಮಲ್ಟಿಪ್ಲೆಕ್ಸಿನ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಅಲ್ಲಿ ಟಿಕೆಟ್ಟಿನಲ್ಲಿ ಏಳು ಗಂಟೆ ಅಂತಿದ್ದರೆ ಜಾಹೀರಾತು, ಟ್ರೇಲರು ಎಲ್ಲ ಮುಗಿದು ಸಿನಿಮಾ ಶುರುವಾಗುವಾಗ ಏಳೂ ಕಾಲು ದಾಟಿರುತ್ತೆ. ಸೊಸೈಟಿ, ಸಾಂಸ್ಕೃತಿಕ ಕೇಂದ್ರಗಳಲ್ಲಿ ಏಳು ಅಂದರೆ ಏಳು. ಜಾಹೀರಾತೇ ಇರಲ್ಲ. 'ಸೈಕೋ' 1960ರಲ್ಲಿ ಬಿಡುಗಡೆಯಾದಾಗ ಅದರ ನಿರ್ದೇಶಕ ಹಿಚ್‌ಕಾಕ್ ಒಂದು ನಿಯಮ ಮಾಡಿದ್ದರು: ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು. ಆಗ ಜನ ಸಿನಿಮಾದ ಮಧ್ಯೆ ಬಂದು ಕೂರುವುದು ಮಾಮೂಲಾಗಿತ್ತು. ಈಗಲೂ ಕೆಲವು ಕಡೆ ತಡವಾಗಿ ಬಂದವರಿಗೆ ಬಾಗಿಲು ತೆರೆಯಲ್ಲ.

ದಕ್ಷಿಣ ಮುಂಬೈಗೆ ಸೆಂಟ್ರಲ್ ಲೈನಿನವರು ಸಿಎಸ್‌ಎಂಟಿ, ವೆಸ್ಟರ್ನ್ ಲೈನಿನವರು ಚರ್ಚ್‌ಗೇಟ್. ಅಲ್ಲಿಂದ ರೀಗಲ್‌ಗೆ ಬೆಸ್ಟ್ ಬಸ್ಸು, ಟ್ಯಾಕ್ಸಿ ಎರಡೂ ಇವೆ. ಭೂಗತ ಮೆಟ್ರೋ 3ರಲ್ಲಿ ಬಂದರೆ ಹುತಾತ್ಮ ಚೌಕ್‌ನಲ್ಲಿ ಇಳಿದು ನಡೆಯಬಹುದು. ಭೂಮಿಯೊಳಗೆ ನೆಟ್‌ವರ್ಕ್ ನಂಬಬೇಡಿ, ಟಿಕೆಟ್ಟಿನ ಸ್ಕ್ರೀನ್‌ಶಾಟ್ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ.

ಭಾನುವಾರದ ಶೋ ಆದರೆ ಮೆಗಾ ಬ್ಲಾಕ್ ನೋಡಿಕೊಳ್ಳಿ. ಹಳಿ ದುರಸ್ತಿಗಾಗಿ ಭಾನುವಾರ ಹಗಲು ಹೊತ್ತು ಕೆಲವು ಮಾರ್ಗಗಳನ್ನು ನಿಲ್ಲಿಸುವುದಕ್ಕೆ ಹಾಗನ್ನುತ್ತಾರೆ, ಮುಂಬೈಗೆ ಹೊಸಬರಿಗೆ ಇದು ಗೊತ್ತಿರಲ್ಲ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ಕಡೆ ನೀರು ನಿಂತರೆ ಟ್ಯಾಕ್ಸಿ ನೆಚ್ಚಿಕೊಂಡವರ ಕಥೆ ಮುಗೀತು. ರಾತ್ರಿ ಶೋ ಆದರೆ ಸಿನಿಮಾ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಸೇರಿಸಿ ಕೊನೆಯ ಲೋಕಲ್ ಲೆಕ್ಕ ಹಾಕಿ. ಡೊಂಬಿವಲಿ, ಕಲ್ಯಾಣದವರಿಗೆ ಇದು ಮುಖ್ಯ. ಟ್ರೇನ್ ತಪ್ಪೀತು ಅಂತ ಕ್ಲೈಮ್ಯಾಕ್ಸಿಗೆ ಹತ್ತು ನಿಮಿಷ ಇರುವಾಗ ಎದ್ದು ಹೋಗುವವರನ್ನು ನೋಡಿದರೆ ಅಯ್ಯೋ ಅನಿಸುತ್ತೆ.

ದೊಡ್ಡ ಬ್ಯಾಗು, ಲ್ಯಾಪ್‌ಟಾಪ್ ತರಬೇಡಿ. ಕೆಲವು ಥಿಯೇಟರುಗಳಲ್ಲಿ ಒಳಗೆ ಬಿಡಲ್ಲ, ಇಡೋಕೆ ಜಾಗವೂ ಇರಲ್ಲ.

7. ಸೀಟು

ಸಬ್‌ಟೈಟಲ್ ಪರದೆಯ ಕೆಳಗೆ ಬರುತ್ತೆ. ನೆಲ ಸಮತಟ್ಟಾಗಿರುವ ಹಳೆಯ ಹಾಲಿನಲ್ಲಿ ಕೆಳಗಡೆ ಕೂತರೆ ಮುಂದಿನವರ ತಲೆ ಸರಿಯಾಗಿ ಅದರ ಮೇಲೆ ಬರುತ್ತೆ. ಹಾಗಾಗಿ ಬಾಲ್ಕನಿ ಇದ್ದರೆ ಬಾಲ್ಕನಿಯೇ ಸರಿ, ಮುಂದಿನ ಎರಡು ಮೂರು ಸಾಲು, ನಡುವೆ. ಒಂದೇ ಮಟ್ಟದ ಚಿಕ್ಕ ಆಡಿಟೋರಿಯಂ ಆದರೆ ಮುಕ್ಕಾಲು ಹಿಂದಕ್ಕೆ ಹೋಗಿ, ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ತಲೆ ಅಡ್ಡ ಬಂದರೆ ವಾಲಬಹುದು. 'ಎಗ್ಸಿಟ್' ದೀಪದ ಹತ್ತಿರ ಮಾತ್ರ ಬೇಡ. ಆ ಬೆಳಕು ಪಕ್ಕದ ಕಣ್ಣಿಗೆ ಕುಕ್ಕುತ್ತಲೇ ಇರುತ್ತೆ, ಪರದೆಯ ಕತ್ತಲ ಭಾಗ ಕಾಣಲ್ಲ.

ಕಪ್ಪು ಬಿಳುಪು ಸಿನಿಮಾದಲ್ಲಿ ಬಿಳಿ ಸಬ್‌ಟೈಟಲ್, ನಾಯಕನ ಬಿಳಿ ಶರ್ಟಿನ ಮೇಲೆ ಬಂದರೆ ಅಕ್ಷರವೇ ಮಾಯ. ಹಳೆಯ ಪ್ರಿಂಟಿನಲ್ಲಿ ಇದು ಜಾಸ್ತಿ. ಬಿಟ್ಟುಹೋದ ಸಾಲಿಗೆ ತಲೆ ಕೆಡಿಸಿಕೊಳ್ಳಬೇಡಿ, ಮುಖ ನೋಡಿ. ಇನ್ನೊಂದು ತೊಂದರೆ: ಸಬ್‌ಟೈಟಲ್ ಎಷ್ಟೋ ಸಲ ನಟ ಬಾಯಿ ಬಿಡೋಕೆ ಮುಂಚೆಯೇ ಬಂದುಬಿಡುತ್ತೆ. ಗುಟ್ಟು ಒಡೆಯುವ ಘಳಿಗೆ ಹತ್ತಿರ ಬಂತು ಅನಿಸಿದಾಗ ನಾನು ಕೆಳಗಿನ ಸಾಲನ್ನು ಬೇಕೆಂತಲೇ ಅರ್ಧ ಕ್ಷಣ ತಡವಾಗಿ ಓದುತ್ತೇನೆ. ಅಭ್ಯಾಸವಾದರೆ ಸುಲಭ.

8. ಒಳಗೆ ಕೂತ ಮೇಲೆ

ಪರದೆಯ ಎರಡೂ ಪಕ್ಕ ಕಪ್ಪು ಪಟ್ಟಿ ಕಂಡರೆ ಆಪರೇಟರಿಗೆ ಕೂಗಬೇಡಿ. 1950ರ ದಶಕದ ಮೊದಲ ವರ್ಷಗಳವರೆಗಿನ ಹೆಚ್ಚಿನ ಸಿನಿಮಾಗಳ ಚೌಕಟ್ಟೇ ಹೆಚ್ಚು ಕಡಿಮೆ ಚೌಕ, ಅಗಲ 1.37 ಇದ್ದರೆ ಎತ್ತರ 1. ಪೂರ್ತಿ ಪರದೆ ತುಂಬಿಸೋಕೆ ಹೋದರೆ ತಲೆ, ಕಾಲು ಕತ್ತರಿಸಿಹೋಗುತ್ತೆ. ಅದೇ ರೀತಿ ಶಬ್ದ ಮುಂದಿನಿಂದ ಮಾತ್ರ ಬರುತ್ತೆ, ಸುತ್ತಲಿಂದ ಬರಲ್ಲ. ಆ ಕಾಲದ ರೆಕಾರ್ಡಿಂಗ್ ಹಾಗೇ.

ಇಂಟರ್ವಲ್ ಇದೆಯಾ ಅಂತ ಮೊದಲೇ ಕೇಳಿ. ವಿದೇಶಿ ಸಿನಿಮಾಗಳನ್ನು ಇಂಟರ್ವಲ್ ಇಟ್ಟು ಮಾಡಿರಲ್ಲ. ಕೆಲವು ಥಿಯೇಟರಿನವರು ಗಡಿಯಾರ ನೋಡಿ ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ. ಅವನು ಕೈ ಚಾಚಿ ಬಾಗಿಲ ಹಿಡಿ ಹಿಡಿದಿದ್ದಾನೆ, ಫಟ್ ಅಂತ ದೀಪ, ಸಮೋಸಾ ಬಂತು. ಸೊಸೈಟಿಗಳಲ್ಲಿ ಹೆಚ್ಚಾಗಿ ಇಂಟರ್ವಲ್ ಇರಲ್ಲ, ಹಾಗಾಗಿ ಚಹಾ, ಬಾತ್‌ರೂಮು ಎಲ್ಲ ಮೊದಲೇ ಮುಗಿಸಿ. ಶುಗರ್ ಇರುವವರು ಏನಾದರೂ ತಿಂದೇ ಒಳಗೆ ಹೋಗಿ. ಹೊರಗಿನ ತಿಂಡಿ ಒಳಗೆ ಬಿಡದ ಕಡೆ ಎರಡು ಗಂಟೆ ಕಷ್ಟವಾಗುತ್ತೆ.

ಮತ್ತೆ ಸಿಗರೇಟಿನ ಎಚ್ಚರಿಕೆ. ಥಿಯೇಟರ್ ಶೋಗಳಲ್ಲಿ ಯಾರಾದರೂ ಸೇದಿದರೆ ಮೂಲೆಯಲ್ಲಿ ಅದು ಬರಬೇಕು ಅನ್ನೋದು ಕಾನೂನು. ನುವಾರ್ ಸಿನಿಮಾದಲ್ಲಿ ಸೇದದವರು ಯಾರು? ಮೂಲೆಯ ಆ ಸಾಲಿಗೆ ಕಣ್ಣು ಒಗ್ಗಿಸಿಕೊಳ್ಳೋದೇ.

ಫೋನಿನ ಬಗ್ಗೆ ಹೇಳೋದೇನಿದೆ. ಸೈಲೆಂಟ್ ಸಾಲದು, ಆಫ್ ಮಾಡಿ. ಸ್ಮಾರ್ಟ್‌ವಾಚನ್ನೂ.

9. ಹೊರಗೆ ಬಂದ ಮೇಲೆ

ಒಂದೇ ನಿಯಮ. ಮೆಟ್ಟಿಲಿಳಿಯುವಾಗ, ಲಾಬಿಯಲ್ಲಿ, ಬಾತ್‌ರೂಮಿನ ಸಾಲಿನಲ್ಲಿ ಕೊನೆಯ ಬಗ್ಗೆ ಒಂದು ಮಾತೂ ಬೇಡ. ಅಲ್ಲೇ ಮುಂದಿನ ಶೋನವರು ನಿಂತಿರುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ, ಈ ಊರಿನಲ್ಲಿ ಹೋಟೆಲಿನವರಿಂದ ಬ್ಯಾಂಕಿನವರವರೆಗೆ ಎಲ್ಲ ಸಾಲಿನಲ್ಲೂ ನಮ್ಮವರು ಒಬ್ಬರಾದರೂ ಇರುತ್ತಾರೆ. ರಸ್ತೆ ದಾಟಿ ಚಹಾ ಅಂಗಡಿ ಸೇರಿದ ಮೇಲೆ ಎಷ್ಟು ಬೇಕೋ ಅಷ್ಟು ಜಗಳ ಆಡಿ. ಸೊಸೈಟಿಗಳಲ್ಲಿ ಸಿನಿಮಾ ಮುಗಿದ ಮೇಲೆ ಚರ್ಚೆ ಇದ್ದರೆ ಉಳಿದುಕೊಳ್ಳಿ, ನಿಮಗೆ ಕಾಣದೇ ಹೋದ ಸುಳಿವನ್ನು ಯಾರೋ ಒಬ್ಬರು ಹಿಡಿದಿರುತ್ತಾರೆ.

10. ಪುಣೆ, ಗೋವಾದಲ್ಲಿ ಇರುವವರಿಗೆ

ಪುಣೆಯವರು ಅದೃಷ್ಟವಂತರು. ಲಾ ಕಾಲೇಜು ರಸ್ತೆಯಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್, ಅದೇ ರಸ್ತೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಸಂಗ್ರಹಾಲಯದ ಥಿಯೇಟರಿನಲ್ಲಿ ನಡೆಯುವ ಪ್ರದರ್ಶನಗಳಿಗೆ, ಆಶಯ್ ಫಿಲ್ಮ್ ಕ್ಲಬ್ಬಿನ ಕಾರ್ಯಕ್ರಮಗಳಿಗೆ ಕಣ್ಣಿಡಿ. ಮುಂಬೈಯಿಂದ ಹೋಗುವವರು ಪುಣೆ ಸ್ಟೇಷನ್ನಿನಲ್ಲೇ ಮೆಟ್ರೋ ಹತ್ತಿ ವನಾಜ್ ಕಡೆಗೆ ಹೋಗಿ ನಳ್ ಸ್ಟಾಪಿನಲ್ಲಿ ಇಳಿದರೆ ಅಲ್ಲಿಂದ ಆಟೋಗೆ ಸ್ವಲ್ಪ ದೂರ ಅಷ್ಟೇ. ಸಂಜೆ ಶೋ ಆದರೆ ರಾತ್ರಿ ಉಳಿಯುವ ವ್ಯವಸ್ಥೆ ಮಾಡಿಕೊಂಡು ಹೋಗಿ.

ಗೋವಾದಲ್ಲಿ ಇರುವವರಿಗೆ ದೊಡ್ಡ ಅವಕಾಶ ನವೆಂಬರಿನ ಅಂತರರಾಷ್ಟ್ರೀಯ ಚಿತ್ರೋತ್ಸವ. 2004ರಿಂದ ಅದು ಅಲ್ಲೇ ನಡೆಯುತ್ತಿದೆ, ಪಣಜಿಯ ಐನಾಕ್ಸ್, ಮಕಿನೇಜ್ ಪ್ಯಾಲೇಸ್ ಎಲ್ಲ ಹತ್ತಿರ ಹತ್ತಿರ. ಮೊದಲೇ ಆನ್‌ಲೈನಿನಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿ ಬ್ಯಾಡ್ಜ್ ಪಡೆಯಬೇಕು, ಆಮೇಲೆ ಪ್ರತಿ ಸಿನಿಮಾಗೂ ಬೇರೆಯಾಗಿ ಸೀಟು ಕಾದಿರಿಸಬೇಕು. ಬ್ಯಾಡ್ಜ್ ಇದೆ ಅಂತ ನೇರವಾಗಿ ಬಾಗಿಲಿಗೆ ಹೋಗುವುದು ಹೊಸಬರು ಮಾಡುವ ತಪ್ಪು. ಸೀಟು ಸಿಗದಿದ್ದರೆ 'ರಶ್ ಲೈನ್' ಅನ್ನುವ ಸಾಲಿದೆ, ಕಾದಿರಿಸಿದವರು ಬಾರದ ಸೀಟುಗಳನ್ನು ಆ ಸಾಲಿನವರಿಗೆ ಕೊಡುತ್ತಾರೆ. ಬೆಳಗಿನ ಮೊದಲ ಶೋಗೆ ಆ ಸಾಲಿನಲ್ಲಿ ನಿಂತರೆ ಸಿಗುವ ಸಂಭವ ಜಾಸ್ತಿ, ರಾತ್ರಿ ಎಲ್ಲರೂ ತಡವಾಗಿ ಮಲಗಿರುತ್ತಾರೆ. ಮುಂಬೈಯಿಂದ ಹೋಗುವವರಿಗೆ ಪಣಜಿಗೆ ಹತ್ತಿರದ ಸ್ಟೇಷನ್ ಕರ್ಮಳಿ, ಮಡಗಾಂವ್ ಅಲ್ಲ. ರೈಲು ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಟಿಕೆಟ್ ನೋಡಿ, ಸಿನಿಮಾಗಳ ಪಟ್ಟಿ ಬರಲಿ ಅಂತ ಕಾಯಬೇಡಿ.